ಗ್ವಾಟೆಮಾಲದಲ್ಲಿ ಏಲಕ್ಕಿ ಬೆಳೆಯುವ ಮಾಯಾ ಜನರ ಬಗ್ಗೆ ಗೊತ್ತಿರುವವರು ಯಾರಾದರೂ ಇದ್ದೀರಾ?

ಹಾನುಬಾಳು ತೋಟ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆದಿದ್ದೇನೆ, ಬೇಜಾರು ಮಾಡ್ಕೋಬೇಡಿ.

ನಮ್ಮದು ಸಕಲೇಶಪುರದ ಕಡೆ ತೋಟ. ಕಾಫಿ, ಮೆಣಸು, ಹಳ್ಳದ ಪಕ್ಕದ ತಂಪಿನಲ್ಲಿ ಒಂದಿಷ್ಟು ಏಲಕ್ಕಿ. ಅಪ್ಪನ ಕಾಲದಿಂದ ನಮ್ಮ ಮನೆ ಜಗಲಿಯಲ್ಲಿ ಒಂದು ದೇಶದ ಹೆಸರು ಬೈಗುಳದ ಹಾಗೆ ಓಡಾಡುತ್ತಿತ್ತು: ಗ್ವಾಟೆಮಾಲ. ಏಲಕ್ಕಿ ರೇಟು ಬಿತ್ತು ಅಂದರೆ ಸಾಕು, ಯಾರಾದರೊಬ್ಬರು "ಗ್ವಾಟೆಮಾಲದವರ ಬೆಳೆ ಚೆನ್ನಾಗಿ ಬಂದಿದೆಯಂತೆ" ಅನ್ನುತ್ತಿದ್ದರು. ಅಪ್ಪ ಎದ್ದು ಹೋಗಿ ಎಲೆಅಡಿಕೆ ಉಗಿದು ಬರುತ್ತಿದ್ದರು. ಆ ದೇಶ ಎಲ್ಲಿದೆ ಅಂತ ನಮಗ್ಯಾರಿಗೂ ಗೊತ್ತಿರಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ದೊಡ್ಡ ದೊಡ್ಡ ಎಸ್ಟೇಟು, ಜೀಪು, ಟೋಪಿ ಹಾಕಿದ ಸಾಹುಕಾರರು.

ಹೋದ ತಿಂಗಳು ಅಮೆರಿಕದಲ್ಲಿರುವ ಅಕ್ಕನ ಮಗಳು ಫೋನ್ ಮಾಡಿದಳು. "ಮಾವ, ಗ್ವಾಟೆಮಾಲದ ಒಂದು ಮಾಯಾ ಹಳ್ಳಿಗೆ ಎರಡು ವಾರ ಸೇವೆಗೆ ಹೋಗೋಣ ಅಂತಿದ್ದೇನೆ. ಶಾಲೆಗೆ ಗೋಡೆ ಕಟ್ಟೋದು, ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡೋದು. ಆ ಕಡೆ ಏಲಕ್ಕಿ ಬೆಳೀತಾರಂತೆ, ನಿಮಗೇನಾದ್ರೂ ಗೊತ್ತಾ?" ಅಂದಳು. ಗೊತ್ತಿಲ್ಲ ಅನ್ನೋದಕ್ಕೆ ನಾಚಿಕೆ ಆಯಿತು. ಅವತ್ತಿನಿಂದ ಓದುತ್ತಾ ಕೂತಿದ್ದೇನೆ. ಮೆಕ್ಸಿಕೋ ಪಕ್ಕದ, ಮಧ್ಯ ಅಮೆರಿಕದ ದೇಶ ಅದು. ಮಾಯಾ ಜನ ಅಲ್ಲಿಯ ಮೂಲನಿವಾಸಿಗಳು.

ಏಲಕ್ಕಿ ನಮ್ಮ ಘಟ್ಟದ ಗಿಡ. 1914ರ ಸುಮಾರಿಗೆ ಒಬ್ಬ ಜರ್ಮನ್ ಪ್ಲಾಂಟರ್ ಅದನ್ನು ಗ್ವಾಟೆಮಾಲದ ಆಲ್ತಾ ವೆರಾಪಾಸ್ ಅನ್ನೋ ಮಳೆಗುಡ್ಡಗಳಿಗೆ ಒಯ್ದು ನೆಟ್ಟ ಅಂತಾರೆ. ಈಗ ರಫ್ತಿನಲ್ಲಿ ಆ ದೇಶವೇ ಪ್ರಪಂಚಕ್ಕೆ ಮೊದಲು. ಆದರೆ ಬೆಳೆಯುವವರು ಟೋಪಿ ಸಾಹುಕಾರರಲ್ಲ. ಬಹುಪಾಲು ಕೆಕ್ಚಿ ಅನ್ನೋ ಮಾಯಾ ಜನ, ತುಂಡು ಭೂಮಿಯವರು. ಬೆಳೆದದ್ದು ಬಹುಪಾಲು ಅರಬ್ಬರ ಕಾಫಿಗೆ ಹೋಗುತ್ತದೆ. ಬೆಳೆಯುವ ಕೆಕ್ಚಿಗಳು ತಮ್ಮ ಅಡುಗೆಗೆ ಏಲಕ್ಕಿ ಬಳಸುವುದೇ ಇಲ್ಲವಂತೆ! ಇಷ್ಟು ವರ್ಷ ಯಾರನ್ನು ಬೈದೆವು ಅಂತ ಒಂಥರಾ ಆಯಿತು.

ಪ್ರಶ್ನೆ ಎರಡು. ಹುಡುಗಿ ಹೋಗಬೇಕಾ, ಬೇಡವಾ? ಮತ್ತೆ "ಮಾಯಾ ಸಂಸ್ಕೃತಿ ಉಳಿಸಿ, ಸುಸ್ಥಿರ ಅಭಿವೃದ್ಧಿಗೆ ಕೈಜೋಡಿಸಿ" ಅಂತ ಕೇಳುವ ಸಂಸ್ಥೆಗಳು ಎಷ್ಟೊಂದಿವೆ. ಅಲ್ಲಿಯ ಜನಕ್ಕೆ ನಿಜಕ್ಕೂ ಏನು ಬೇಕಾಗಿದೆ? ನೋಡಿ ಬಂದವರು, ಓದಿಕೊಂಡವರು ಹೇಳಿ.

ಸುಮ್ನೆ ಕೇಳ್ದೆ

ಮಾಯಾ ಜನ ಕಾಡಿನಲ್ಲಿ ಪಿರಮಿಡ್ ಬಿಟ್ಟು ಮಾಯ ಆದರು ಅಂತ ಅಲ್ವಾ ನಾವು ಓದಿದ್ದು? 2012ರಲ್ಲಿ ಪ್ರಪಂಚ ಮುಳುಗುತ್ತೆ ಅಂತ ಟಿವಿಯವರು ಬಾಯಿ ಬಡಿದುಕೊಂಡಿದ್ದು ಇವರ ಕ್ಯಾಲೆಂಡರ್ ಹಿಡಿದೇ. ಇನ್ನೂ ಇದ್ದಾರಾ?

ಕಾಗುಣಿತ

ಮಾಯ ಆಗಿಲ್ಲ ಸ್ವಾಮಿ. ಗ್ವಾಟೆಮಾಲದ 2018ರ ಜನಗಣತಿಯಲ್ಲಿ 60 ಲಕ್ಷಕ್ಕೂ ಜಾಸ್ತಿ ಜನ ನಾವು ಮಾಯಾ ಅಂತ ಬರೆಸಿದ್ದಾರೆ. ಅಂದರೆ ನೂರರಲ್ಲಿ 41ಕ್ಕಿಂತ ಹೆಚ್ಚು. ಮೆಕ್ಸಿಕೋದ ಯುಕತಾನ್, ಚಿಯಾಪಾಸ್, ಆಮೇಲೆ ಬೆಲೀಜ್‌ನಲ್ಲಿ ಇರುವವರು ಬೇರೆ. ನಗರಗಳು ಬಿದ್ದವು, ಜನ ಬೀಳಲಿಲ್ಲ. ಹಂಪಿ ಹಾಳಾಯಿತು ಅಂತ ಕನ್ನಡದವರು ಕಾಣೆಯಾದರಾ?

ಕ್ಯಾಲೆಂಡರ್ ವಿಷಯಕ್ಕೆ ಬಂದರೆ, ಅವರ 260 ದಿನದ ಎಣಿಕೆ ಇವತ್ತೂ ನಡೆಯುತ್ತಿದೆ. ಪಶ್ಚಿಮದ ಬೆಟ್ಟಗಳಲ್ಲಿ ಮೊಮೊಸ್ತೆನಾಂಗೊ ಅಂತ ಊರಿದೆ. ಅಲ್ಲಿ ದಿನ ಎಣಿಸುವವರು ಅಂತಲೇ ಇದ್ದಾರೆ. ಮದುವೆ, ಬಿತ್ತನೆ, ಕಾಯಿಲೆ, ಎಲ್ಲಕ್ಕೂ ಅವರ ಹತ್ತಿರ ದಿನ ಕೇಳುತ್ತಾರೆ. ಪ್ರಪಂಚ ಮುಳುಗುವ ಕಥೆ ಹೊರಗಿನವರು ಕಟ್ಟಿದ್ದು.

ಇನ್ನೊಂದು ಮಾತು. "ಮಾಯಾ ಭಾಷೆ" ಅಂತ ಒಂದೇ ಭಾಷೆ ಇಲ್ಲ. ಗ್ವಾಟೆಮಾಲ ಒಂದರಲ್ಲೇ 22 ಮಾಯಾ ಭಾಷೆಗಳಿಗೆ ಮಾನ್ಯತೆ ಇದೆ. ಕಿಚೆ, ಕೆಕ್ಚಿ ಆಡುವವರು ತಲಾ ಹತ್ತು ಲಕ್ಷದ ಮೇಲೆ. ಇತ್‌ಸಾ ಅನ್ನೋ ಭಾಷೆ ಆಡುವ ಮುದುಕರನ್ನು ಹುಡುಕಿ ಹೋಗಬೇಕು.

ಬಸ್ಸು ಹತ್ತಿದವಳು

ತೋಟದವರೇ, ನಾನು ಆ ಕಡೆ ಹೋಗಿದ್ದೇನೆ. ಸ್ಪ್ಯಾನಿಷ್ ಕಲಿಯೋಕೆ ಗ್ವಾಟೆಮಾಲದ ಆಂತಿಗ್ವಾ ಅನ್ನೋ ಊರಿನಲ್ಲಿದ್ದೆ. ಆಮೇಲೆ ಆಲ್ತಾ ವೆರಾಪಾಸ್‌ನ ಕೊಬಾನ್ ಊರಿನ ಆಚೆ, ಒಂದು ಕೆಕ್ಚಿ ಮನೆಯಲ್ಲಿ ಒಂಬತ್ತು ದಿನ ಉಳಿದೆ. ನಮ್ಮ ಮೂಡಿಗೆರೆ ಕಡೆಯವರನ್ನು ಕಣ್ಣು ಕಟ್ಟಿ ಅಲ್ಲಿ ಇಳಿಸಿದರೆ ಮನೆಗೆ ಬಂದೆ ಅಂದ್ಕೋತಾರೆ. ಅದೇ ಮಂಜು, ಅದೇ ಜಿಟಿಜಿಟಿ ಮಳೆ. ಆ ಜಿಟಿಜಿಟಿ ಮಳೆಗೆ ಅವರು ಚಿಪಿಚಿಪಿ ಅಂತಾರೆ! ಮರದ ನೆರಳಿನಲ್ಲಿ ಏಲಕ್ಕಿ, ಬುಡದಲ್ಲಿ ಕೂತು ಹೆಂಗಸರು, ಮಕ್ಕಳು ಕಾಯಿ ಬಿಡಿಸೋದು, ಸೊಂಟಕ್ಕೆ ಬುಟ್ಟಿ.

ನಾನಿದ್ದ ಮನೆಯವರು ಕುಯ್ದ ಕಾಯಿ ಅವತ್ತೇ ಹಸಿಯಾಗಿ ಮಾರುತ್ತಿದ್ದರು. ಸಂಜೆ ಹೊತ್ತಿಗೆ ಒಬ್ಬ ಪಿಕಪ್ ಗಾಡಿ ತಂದು ರಸ್ತೆಯಲ್ಲಿ ನಿಲ್ಲಿಸುತ್ತಿದ್ದ. ತಕ್ಕಡಿ ಅವನದ್ದು, ರೇಟೂ ಅವನದ್ದೇ. ಇಂಥ ದಲ್ಲಾಳಿಗೆ ಅಲ್ಲಿ ಕೊಯೊತೆ ಅಂತಾರೆ. ಕೊಯೊತೆ ಅಂದರೆ ನಮ್ಮ ನರಿ ಥರದ ಪ್ರಾಣಿ. ಹೆಸರು ಸುಮ್ಮನೆ ಬಂದಿಲ್ಲ. ಮನೆಯ ಯಜಮಾನ ಒಂದು ಸಲವೂ ರೇಟಿಗೆ ಜಗಳ ಆಡಿದ್ದು ನಾನು ನೋಡಲಿಲ್ಲ. ಯಾಕೆ ಅಂದರೆ ಹಸಿ ಕಾಯಿ ನಾಳೆಗೆ ಕಪ್ಪಾಗುತ್ತೆ, ಒಣಗಿಸೋ ಡ್ರೈಯರ್ ಇವರ ಹತ್ತಿರ ಇಲ್ಲ.

ಹಾನುಬಾಳು ತೋಟ

ಮೇಡಂ, ನೀವು ಹೇಳಿದ್ದು ನನಗೆ ಚೆನ್ನಾಗಿ ಅರ್ಥ ಆಗುತ್ತೆ. ಐದು ಕೆಜಿ ಹಸಿ ಕಾಯಿ ಒಣಗಿದರೆ ಒಂದು ಕೆಜಿ ಅಂತ ಇಟ್ಟುಕೊಳ್ಳಿ. ಡ್ರೈಯರ್ ಇದ್ದವನು ಒಣಗಿಸಿ, ಹಸಿರು ಬಣ್ಣ ನಿಲ್ಲಿಸಿ, ಗ್ರೇಡ್ ಮಾಡಿ, ರೇಟು ಬರುವ ತನಕ ಮೂಟೆ ಕಟ್ಟಿ ಇಡಬಹುದು. ಇಲ್ಲದವನು ಬಂದವನಿಗೆ ಕೊಡಲೇಬೇಕು. ಲಾಭ ಇರೋದು ಗಿಡದಲ್ಲಲ್ಲ, ಡ್ರೈಯರ್‌ನಲ್ಲಿ.

ಅಲ್ಲಿ ಸೌದೆಯಲ್ಲೇ ಒಣಗಿಸೋದಾ?

ಬಸ್ಸು ಹತ್ತಿದವಳು

ಹೌದು, ಹೆಚ್ಚಿನವು ಸೌದೆಯವು. ಒಂದು ಡ್ರೈಯರ್ ಒಳಗೆ ಹೋಗಿದ್ದೆ. ಮಣ್ಣಿನ ನೆಲ, ಲಾರಿ ಉದ್ದದ ಕಬ್ಬಿಣದ ಕೊಳವೆ, ಅದರ ಬಾಯಿಗೆ ತೋಳು ದಪ್ಪದ ಕಟ್ಟಿಗೆ. ಒಬ್ಬ ಹುಡುಗ ರಾತ್ರಿಯಿಡೀ ಅದರ ಮುಂದೆ ಕೂತು ಉರಿ ನೋಡಿಕೊಳ್ಳಬೇಕು. ಹೊರಗೆ ಮನೆ ಎತ್ತರಕ್ಕೆ ಸೌದೆ ಒಟ್ಟಿತ್ತು. ಆ ಸೌದೆ ಮೋಡದ ಕಾಡಿನಿಂದಲೇ ಬರಬೇಕಲ್ಲ? ಗ್ವಾಟೆಮಾಲದ ರಾಷ್ಟ್ರಪಕ್ಷಿ ಕೆತ್ಸಾಲ್ ಇರೋದು ಅದೇ ಕಾಡಿನಲ್ಲಿ. ಸೌದೆ ಕಮ್ಮಿ ತಿನ್ನುವ ಡ್ರೈಯರ್, ಹಳ್ಳಿಯವರದ್ದೇ ಸಹಕಾರ ಸಂಘದ ಡ್ರೈಯರ್, ಇವೆರಡು ಬಂದರೆ ಕಾಡಿಗೂ ಒಳ್ಳೆಯದು, ರೇಟಿಗೂ ಒಳ್ಳೆಯದು. ಕೊಬಾನ್‌ನಲ್ಲಿ ಫೆಡೆಕೊವೆರಾ ಅಂತ ಸಹಕಾರ ಸಂಘಗಳ ಒಕ್ಕೂಟ ಇದೆ. ಕೆಕ್ಚಿ, ಪೊಕೊಮ್ಚಿ ಅನ್ನೋ ಮಾಯಾ ಬೆಳೆಗಾರರ ಸಂಘಗಳು ಅದರಲ್ಲಿವೆ. ಕಾಫಿ, ಏಲಕ್ಕಿ, ಚಹಾ ಎಲ್ಲ ಇದೆ. ಆದರೆ ಒಕ್ಕೂಟದ ಹೊರಗೆ ಇರುವ ಮನೆಗಳೇ ಜಾಸ್ತಿ ಅಂತ ನನಗೆ ಕಂಡಿದ್ದು.

ಮಲೆ ಕೃಷಿಕ

ಒಂದು ಅಡ್ಡಮಾತು. ಏಲಕ್ಕಿ ಎಲೆಗೆ ಹಳದಿ ಪಟ್ಟೆ ಬರುವ ವೈರಸ್ ರೋಗಕ್ಕೆ ಇಂಗ್ಲಿಷ್ ಪುಸ್ತಕಗಳಲ್ಲೂ "ಕಟ್ಟೆ" ಅಂತಲೇ ಹೆಸರು. ನಮ್ಮ ಕನ್ನಡದ ಕಟ್ಟೆ ರೋಗ! ಇನ್ನೊಂದು ವೈರಸ್ ರೋಗದ ಹೆಸರು ಕೊಕ್ಕೆ ಕಂದು, ಅದೂ ನಮ್ಮದೇ. ಏಲಕ್ಕಿಯ ಮೊಸಾಯಿಕ್ ವೈರಸ್ ಗ್ವಾಟೆಮಾಲದಲ್ಲೂ ಇದೆ. ಅಲ್ಲಿನವರ ಕಷ್ಟಕ್ಕೂ ಕನ್ನಡದ ಹೆಸರಿದೆ ಅಂದಹಾಗಾಯಿತು.

ಸುಮ್ನೆ ಕೇಳ್ದೆ

ಸರಿ, ಇದ್ದಾರೆ ಅಂತ ಒಪ್ಪಿದೆ. ಆದರೆ ಒಂದು ಮಾತು ನೇರವಾಗಿ ಕೇಳ್ತೀನಿ, ಬೈಬೇಡಿ. ಸ್ವಂತ ಡ್ರೈಯರ್ ಯಾಕೆ ಹಾಕಿಕೊಂಡಿಲ್ಲ? ಸಾಲ ಮಾಡಿ ಹಾಕಬಹುದಲ್ವಾ? ಸಂಸ್ಕೃತಿ, ಭಾಷೆ ಅಂತ ಕೂತರೆ ಹೊಟ್ಟೆ ತುಂಬುತ್ತಾ?

ಕಾಡುದಾರಿ

ಸಾಲಕ್ಕೆ ಪತ್ರ ಬೇಕು. ಪಹಣಿ ಇಲ್ಲದವನಿಗೆ ಯಾವ ಬ್ಯಾಂಕು ಸಾಲ ಕೊಡುತ್ತೆ ಹೇಳಿ?

ಕೆಕ್ಚಿಗಳ ಭೂಮಿ ಹೋದದ್ದು ಬರಗಾಲದಿಂದಲ್ಲ, ಕಾನೂನಿನಿಂದ. 1871ರಲ್ಲಿ ಅಲ್ಲಿ ಸರ್ಕಾರ ಬದಲಾಯಿತು. ಕಾಫಿ ಬೆಳೆಸಬೇಕು, ರಫ್ತು ಮಾಡಬೇಕು ಅಂತ ಹೊರಟರು. ಊರೊಟ್ಟಿನ ಜಮೀನಿಗೆ ಪತ್ರ ಎಲ್ಲಿದೆ ಅಂದರು. ಪತ್ರ ಇದ್ದದ್ದು ಜರ್ಮನ್ನರ ಹತ್ತಿರ. ಆಲ್ತಾ ವೆರಾಪಾಸ್‌ನ ಕಾಫಿ ಗುಡ್ಡಗಳು ಅವರ ಕೈಗೆ ಹೋದವು. 1877ರಲ್ಲಿ ಕೂಲಿಗಳ ಕಾನೂನು ಅಂತ ಒಂದು ಬಂತು. ಮುಂಗಡ ಸಾಲ ತಗೊಂಡವನು ತೀರುವ ತನಕ ತೋಟ ಬಿಡುವ ಹಾಗಿಲ್ಲ. ನಿನ್ನೆ ತನಕ ತಮ್ಮದಾಗಿದ್ದ ಗುಡ್ಡದಲ್ಲೇ ಜೀತದಾಳುಗಳಾದರು.

ಪತ್ರ ಕೇಳಿದಾಗ ಏನಾಯಿತು ಅನ್ನೋದಕ್ಕೂ ದಾಖಲೆ ಇದೆ. 1978ರ ಮೇ 29ರಂದು ಪಾನ್ಸೋಸ್ ಅನ್ನೋ ಊರಿನ ಚೌಕಕ್ಕೆ ಕೆಕ್ಚಿ ರೈತರು ಭೂಮಿ ಕೇಳೋಕೆ ಬಂದರು. ಮುಂದೆ ನಿಂತಿದ್ದವರು ಅದೆಲಿನಾ ಕಾಲ್ ಅನ್ನೋ ಅಜ್ಜಿ. ಮಾಮಾ ಮಕಿನ್ ಅಂತ ಕರೀತಿದ್ದರು. ಸೈನಿಕರು ಗುಂಡು ಹಾರಿಸಿದರು. ಅಜ್ಜಿಯೂ ಉಳಿಯಲಿಲ್ಲ.

ಅದು 1960ರಿಂದ 1996ರ ತನಕ ನಡೆದ ಅಂತರ್ಯುದ್ಧದ ಕಾಲ. ಸತ್ತವರು, ಕಾಣೆಯಾದವರು ಸೇರಿ 2 ಲಕ್ಷ ಅಂತ ವಿಶ್ವಸಂಸ್ಥೆಯ ನೆರವಿನ ಸತ್ಯಶೋಧನಾ ಆಯೋಗ 1999ರಲ್ಲಿ ಅಂದಾಜು ಮಾಡಿತು. ಗುರುತು ಸಿಕ್ಕವರಲ್ಲಿ 83 ಶೇಕಡಾ ಮಾಯಾ ಜನ. ಹಾಗಾಗಿ "ಯಾಕೆ ಮಾಡಿಕೊಂಡಿಲ್ಲ" ಅಂತ ಕೇಳೋದಕ್ಕೆ ಮುಂಚೆ ಇದಿಷ್ಟು ಗೊತ್ತಿರಲಿ.

ಸುಮ್ನೆ ಕೇಳ್ದೆ

ಇದು ಗೊತ್ತಿರಲಿಲ್ಲ. ಕೇಳಿದ್ದು ಒಳ್ಳೆಯದಾಯಿತು. ಆದರೆ ಅದು ಹಳೆಯ ಕಥೆ ಅಲ್ವಾ? ಅಣೆಕಟ್ಟು, ಕರೆಂಟು, ರಸ್ತೆ ಬಂದರೆ ಅವರಿಗೂ ಅನುಕೂಲ ತಾನೇ?

ಕಾಡುದಾರಿ

ಅಣೆಕಟ್ಟಿನ ಹೆಸರು ನೀವೇ ತೆಗೆದಿರಿ. ಚಿಕ್ಸೊಯ್ ಅಣೆಕಟ್ಟು ಅಂತ ಹುಡುಕಿ. ವಿಶ್ವಬ್ಯಾಂಕ್ ಸಾಲ ಕೊಟ್ಟ ಯೋಜನೆ. ಮುಳುಗಡೆಯಾಗಬೇಕಿದ್ದ ಊರುಗಳಲ್ಲಿ ಒಂದು ರಿಯೊ ನೆಗ್ರೊ. ಆಚಿ ಅನ್ನೋ ಮಾಯಾ ಜನರ ಊರು. ಬಿಡಲ್ಲ ಅಂದರು. 1982ರ ಮಾರ್ಚ್ 13ರಂದು ಅಲ್ಲಿಯ ಹೆಂಗಸರನ್ನೂ ಮಕ್ಕಳನ್ನೂ ಬೆಟ್ಟ ಹತ್ತಿಸಿ ಕೊಂದರು. 177 ಜನ. ಪರಿಹಾರಕ್ಕೆ ಸರ್ಕಾರ ಒಪ್ಪಿ ಸಹಿ ಹಾಕಿದ್ದು 2014ರಲ್ಲಿ. ಕರೆಂಟು ಬಂತು, ನಿಜ. ಯಾರ ಮನೆಗೆ ಬಂತು ಅಂತಲೂ ನೋಡಬೇಕು.

ಹಳೆಯ ಕಥೆಯೂ ಅಲ್ಲ. 2011ರ ಮಾರ್ಚ್‌ನಲ್ಲಿ ಪೊಲೊಚಿಕ್ ಕಣಿವೆಯಲ್ಲಿ 700ಕ್ಕೂ ಹೆಚ್ಚು ಕೆಕ್ಚಿ ಕುಟುಂಬಗಳನ್ನು ಒಕ್ಕಲೆಬ್ಬಿಸಿದರು. ಮೆಕ್ಕೆಜೋಳ ಬಿತ್ತಿದ್ದ ನೆಲ ಕಬ್ಬಿಗೆ ಬೇಕಿತ್ತು. ಅಲ್ಲೇ ಪಕ್ಕದ ಎಲ್ ಎಸ್ತೊರ್ ಕಡೆ ನಿಕ್ಕಲ್ ಗಣಿ. ಆ ಗಣಿ ಪಕ್ಕದ ಅಗುವಾ ಕಾಲಿಯೆಂತೆ ಅನ್ನೋ ಊರಿನವರು ಭೂಮಿಯ ಹಕ್ಕಿಗೆ ದಶಕಗಳ ಕಾಲ ಓಡಾಡಿ, 2023ರ ಡಿಸೆಂಬರ್‌ನಲ್ಲಿ ಅಮೆರಿಕ ಖಂಡಗಳ ಮಾನವ ಹಕ್ಕು ನ್ಯಾಯಾಲಯದಲ್ಲಿ ಗೆದ್ದರು. ಪಕ್ಕದ ಬೆಲೀಜ್‌ನಲ್ಲಿ ಕೆಕ್ಚಿ, ಮೊಪಾನ್ ಅನ್ನೋ ಮಾಯಾ ಜನರ ಹಳ್ಳಿಗಳು 2015ರಲ್ಲೇ ಕೆರಿಬಿಯನ್ ನ್ಯಾಯಾಲಯದಿಂದ ಊರೊಟ್ಟಿನ ಭೂಮಿ ನಮ್ಮದು ಅಂತ ಬರೆಸಿಕೊಂಡವು. ತೀರ್ಪು ಬಂದ ಮಾತ್ರಕ್ಕೆ ಹದ್ದುಬಸ್ತು ಆಗಿಬಿಡಲ್ಲ ಅನ್ನೋದು ನಮಗೆ ಯಾರೂ ಹೇಳಿಕೊಡಬೇಕಿಲ್ಲ ಬಿಡಿ.

ಇಳಕಲ್ ಮಗ್ಗ

ಎಲ್ಲ ಓದಿದೆ ರೀ. ನಾನು ನೇಕಾರ ಮನೆತನದವ, ನನಗೆ ತಿಳಿದದ್ದು ಮಗ್ಗ. ಹಾಗಾಗಿ ಮಗ್ಗದ ಬಗ್ಗೆ ಎರಡು ಮಾತು.

ಮಾಯಾ ಹೆಂಗಸರ ಮಗ್ಗದ ವಿಡಿಯೊ ನೋಡಿ ನಾನು ದಂಗಾದೆ. ನಮ್ಮದು ಗುಂಡಿ ಮಗ್ಗ. ನೆಲಕ್ಕೆ ಹೂತದ್ದು, ಅಲುಗಾಡಲ್ಲ. ಅವರದ್ದು ಮಡಿಚಿ ಕಂಕುಳಲ್ಲಿ ಇಟ್ಟುಕೊಂಡು ಹೋಗಬಹುದು! ಹಾಸಿನ ಒಂದು ತುದಿ ಮರಕ್ಕೋ ಕಂಬಕ್ಕೋ ಕಟ್ಟುತ್ತಾರೆ. ಇನ್ನೊಂದು ತುದಿಯ ಪಟ್ಟಿ ನೇಯುವವಳ ಸೊಂಟದ ಹಿಂದೆ ಬರುತ್ತೆ. ಆಕೆ ಹಿಂದೆ ವಾಲಿದರೆ ಹಾಸು ಬಿಗಿ, ಮುಂದೆ ಬಾಗಿದರೆ ಸಡಿಲ. ಮಗ್ಗಕ್ಕೆ ಚೌಕಟ್ಟೇ ಇಲ್ಲ, ಮೈಯೇ ಚೌಕಟ್ಟು. ಹೂವು, ಹಕ್ಕಿ, ಎರಡು ತಲೆಯ ಹದ್ದು, ಎಲ್ಲ ಬೆರಳಲ್ಲೇ ಎತ್ತಿ ಹಾಕುತ್ತಾರೆ. ಹಾಗೆ ನೇಯ್ದ ಕುಪ್ಪಸಕ್ಕೆ ವಿಪಿಲ್ ಅಂತಾರೆ. ಒಂದು ಒಳ್ಳೆ ವಿಪಿಲ್‌ಗೆ ತಿಂಗಳುಗಟ್ಟಲೆ ಹಿಡಿಯುತ್ತೆ. ಚಿತ್ತಾರ ನೋಡಿ ಯಾವ ಊರಿನವಳು ಅಂತ ಹೇಳಬಹುದು. ಯುದ್ಧದ ಕಾಲದಲ್ಲಿ ಅದೇ ಅಪಾಯ ಆಗಿತ್ತಂತೆ.

ಈಗ ಪೇಟೆಯಲ್ಲಿ ಅದೇ ಚಿತ್ತಾರ ಬಟ್ಟೆ ಮೇಲೆ ಪ್ರಿಂಟ್ ಹೊಡೆದು ಅಗ್ಗಕ್ಕೆ ಮಾರುತ್ತಾರೆ. ದೊಡ್ಡ ಫ್ಯಾಷನ್‌ನವರು ಕತ್ತರಿಸಿ ಬ್ಯಾಗು, ಚಪ್ಪಲಿ ಮಾಡಿ ನೂರಾರು ಡಾಲರ್ ಹಾಕುತ್ತಾರೆ. ನಮ್ಮ ಟೋಪ ತೆನಿ ಸೆರಗನ್ನು ಪವರ್‌ಲೂಮ್‌ನಲ್ಲಿ ತೆಗೆದು "ಇಳಕಲ್ ಸೀರೆ" ಅಂತ ಮಾರೋದು ನೋಡಿ ನೋಡಿ ನನಗೆ ರೂಢಿ ಆಗಿದೆ, ಆದರೂ ಹೊಟ್ಟೆ ಉರೀತದೆ ರೀ.

ಆ ಹೆಂಗಸರು ಸುಮ್ಮನೆ ಕೂರಲಿಲ್ಲ. ಸಾಂತಿಯಾಗೊ ಸಕತೆಪೆಕೆಸ್ ಊರಿನಲ್ಲಿ ಅಫೆದೆಸ್ ಅಂತ ಹೆಂಗಸರ ಸಂಘ ಇದೆ. ಬೇರೆ ಊರಿನ ನೇಕಾರತಿಯರೂ ಸೇರಿ 2016ರಲ್ಲಿ ಅಲ್ಲಿಯ ಸಾಂವಿಧಾನಿಕ ನ್ಯಾಯಾಲಯಕ್ಕೆ ಹೋದರು. ಅವರ ವಾದ ಸರಳ. ಕಾಪಿರೈಟ್ ಅಂದರೆ ಒಬ್ಬ ಮನುಷ್ಯನ ಹೆಸರಿಗೆ. ಈ ಚಿತ್ತಾರ ಒಬ್ಬಳದ್ದಲ್ಲ, ಊರಿನದ್ದು. ಅಜ್ಜಿಯಿಂದ ಬಂದದ್ದು. ಊರಿನ ಹೆಸರಿಗೆ ಹಕ್ಕು ಬರೆಯಿರಿ. ನ್ಯಾಯಾಲಯ ಕಾನೂನು ಮಾಡಿ ಅಂತ ಸಂಸತ್ತಿಗೆ ಹೇಳಿತು. ಹೇಳಿಸಿಕೊಳ್ಳೋದು ಸುಲಭ, ಮಾಡೋದು ತಡ. ನಮ್ಮಲ್ಲಿ ಊರಿನ ಹೆಸರಿಗೆ ಕೊಡುವ ಜಿಐ ಗುರುತಾದರೂ ಇದೆ, ಅದರಿಂದ ಎಷ್ಟು ಉಪಯೋಗ ಅನ್ನೋದು ಬೇರೆ ಜಗಳ.

ತೋಟದವರೇ, ನಿಮ್ಮ ಸೊಸೆಗೆ ಒಂದು ಹೇಳಿ. ಅಲ್ಲಿಗೆ ಹೋದರೆ ವಿಪಿಲ್ ನೇಯ್ದವಳ ಕೈಯಿಂದಲೇ ತಗೊಳ್ಳಲಿ, ಚೌಕಾಸಿ ಮಾಡದೆ.

ಹಾನುಬಾಳು ತೋಟ

ಖಂಡಿತ ಹೇಳ್ತೀನಿ. ಸೊಸೆ ಅಂದಿದ್ದು ಸರಿಯಾಗೇ ಇದೆ, ನಮ್ಮ ಕಡೆಯೂ ಅಕ್ಕನ ಮಗಳು ಸೊಸೆಯೇ.

ಕಾಗುಣಿತ

ಊರಿನ ಹೆಸರಿಗೆ ಹಕ್ಕು ಅಂದಿರಲ್ಲ, ಅಕ್ಷರದ್ದೂ ಅದೇ ಕಥೆ. ಇದು ನನಗೆ ತುಂಬಾ ಇಷ್ಟವಾದ ವಿಷಯ, ಸ್ವಲ್ಪ ಸಹಿಸಿಕೊಳ್ಳಿ.

ಮಾಯಾ ಭಾಷೆಗಳನ್ನು ಲ್ಯಾಟಿನ್ ಅಕ್ಷರದಲ್ಲಿ ಬರೀತಾರೆ. ಮೊದಲು ಪಾದ್ರಿಗಳು, ಆಮೇಲೆ ಹೊರಗಿನ ಭಾಷಾತಜ್ಞರು ತಮಗೆ ತೋಚಿದ ಹಾಗೆ, ಸ್ಪ್ಯಾನಿಷ್ ಕಾಗುಣಿತಕ್ಕೆ ಹೊಂದುವ ಹಾಗೆ ಬರೆದರು. ಕಿಚೆ, ಕೆಕ್ಚಿಯಂಥ ಮಾಯಾ ಭಾಷೆಗಳಲ್ಲಿ ನಮ್ಮ "ಕ" ಥರದ ಸದ್ದು ಒಂದಲ್ಲ, ನಾಲ್ಕು. ಗಂಟಲಿನ ಮೇಲೆ ಹುಟ್ಟುವುದೊಂದು, ಆಳದಿಂದ ಬರುವುದೊಂದು, ಎರಡಕ್ಕೂ ಉಸಿರು ಕಟ್ಟಿ ಟಕ್ ಅಂತ ಬಿಡುವ ಜೋಡಿ. ಕಿಚೆ ಭಾಷೆಯಲ್ಲಿ "ಕಕ್" ಅಂದರೆ ಕೆಂಪು. ಮೊದಲ "ಕ"ಗೆ ಉಸಿರು ಕಟ್ಟಿ ಅಂದರೆ ಚಿಗಟ! ಕನ್ನಡ ಲಿಪಿಯಲ್ಲಿ ಇದನ್ನು ತೋರಿಸೋಕೂ ಆಗಲ್ಲ ನನಗೆ. ನಾವು ಅಲ್ಪಪ್ರಾಣ ಮಹಾಪ್ರಾಣಕ್ಕೆ ಜಗಳ ಆಡುತ್ತೇವೆ, ಅವರ ಕಷ್ಟ ಕೇಳಿ.

1987ರಲ್ಲಿ ಮಾಯಾ ಜನರೇ ಕೂತು ಎಲ್ಲ ಭಾಷೆಗೂ ಹೊಂದುವ ಒಂದೇ ಅಕ್ಷರಮಾಲೆ ಒಪ್ಪಿಕೊಂಡರು. ಸರ್ಕಾರವೂ ಒಪ್ಪಿತು. 1990ರಲ್ಲಿ ಕಾನೂನು ಬಂದು ಗ್ವಾಟೆಮಾಲದ ಮಾಯಾ ಭಾಷಾ ಅಕಾಡೆಮಿ ಆಯಿತು. 2003ರ ಭಾಷಾ ಕಾನೂನು ಪ್ರಕಾರ ಶಾಲೆ, ಆಸ್ಪತ್ರೆ, ಕಚೇರಿಯ ಸೇವೆ ಊರಿನ ಭಾಷೆಯಲ್ಲಿ ಸಿಗಬೇಕು. ಸಿಗುತ್ತಾ? ಎಲ್ಲ ಕಡೆ ಇಲ್ಲ. ಹೆರಿಗೆಗೆ ಹೋದ ಹೆಂಗಸಿಗೆ ಸ್ಪ್ಯಾನಿಷ್ ಬರದಿದ್ದರೆ ಏನು ಪಾಡು ಅಂತ ಯೋಚಿಸಿ.

ರೇಡಿಯೊ ಕಥೆ ಇನ್ನೂ ಮಜಾ. 1996ರ ಶಾಂತಿ ಒಪ್ಪಂದಗಳಲ್ಲಿ ಮಾಯಾ ಜನಕ್ಕೆ ರೇಡಿಯೊ ಕೊಡುತ್ತೇವೆ ಅಂದರು. ಅದೇ ವರ್ಷದ ಇನ್ನೊಂದು ಕಾನೂನು ಫ್ರೀಕ್ವೆನ್ಸಿಯನ್ನು ಹರಾಜಿಗೆ ಇಟ್ಟಿತು. ಜಾಸ್ತಿ ಕೂಗಿದವನಿಗೆ ಗಾಳಿ. ಸುಂಪಾಂಗೊ ಊರಿನ ರೇಡಿಯೊ ಇಕ್ಸ್‌ಚೆಲ್ ಕಕ್ಚಿಕೆಲ್ ಭಾಷೆಯಲ್ಲಿ ಮಾತಾಡುತ್ತಿತ್ತು. 2006ರಲ್ಲಿ ಪೊಲೀಸರು ಬಂದು ಯಂತ್ರ ಹೊತ್ತೊಯ್ದರು. ಊರಿನವರು ಬಿಡಲಿಲ್ಲ. 2021ರಲ್ಲಿ ಅದೇ ಮಾನವ ಹಕ್ಕು ನ್ಯಾಯಾಲಯ ಅವರ ಪರ ಹೇಳಿತು.

ಜೇನುಪೆಟ್ಟಿಗೆ, ಶಿರಸಿ

ಮೆಕ್ಸಿಕೋ ಕಡೆ ಮಾಯಾ ಬಗ್ಗೆ ಯಾರೂ ಬರೆದಿಲ್ಲ ಅಂತ ನಾನು ಬಂದೆ.

ನಮ್ಮಲ್ಲಿ ಗೋಡೆ ಸಂದಿನಲ್ಲಿ ಗೂಡು ಕಟ್ಟುವ, ಕಚ್ಚದ ಮಿಸ್ರಿ ಜೇನು ಇದೆಯಲ್ಲ. ಅದರ ದೊಡ್ಡ ನೆಂಟ ಯುಕತಾನ್‌ನಲ್ಲಿದೆ. ಹೆಸರು ಶುನಾನ್ ಕಾಬ್, ಅಂದರೆ "ಅಮ್ಮಾವ್ರ ಜೇನು" ಅನ್ನಬಹುದು. ಟೊಳ್ಳು ಮರದ ತುಂಡಿನಲ್ಲಿ ಸಾಕುತ್ತಾರೆ. ಎರಡೂ ತುದಿಗೆ ಬಿಲ್ಲೆ ಇಟ್ಟು ಮಣ್ಣು ಮೆತ್ತೋದು. ವರ್ಷಕ್ಕೆ ಒಂದೆರಡು ಲೀಟರ್ ತುಪ್ಪ, ಅಷ್ಟೇ. ಅದು ಔಷಧಿಗೆ.

ಕಂಪೆಚೆ ರಾಜ್ಯದ ಓಪೆಲ್‌ಚೆನ್‌ನಲ್ಲಿ ಲೇದಿ ಪೆಚ್ ಅನ್ನೋ ಜೇನು ಸಾಕುವ ಮಾಯಾ ಹೆಂಗಸು ಇದ್ದಾರೆ. ಕುಲಾಂತರಿ ಸೋಯಾ ಬಿತ್ತಲು ಕಾಡು ಕಡಿಯೋಕೆ ಶುರು ಆದಾಗ ಊರೂರು ತಿರುಗಿ ಜನ ಸೇರಿಸಿದರು. ಹೊಟ್ಟೆಪಾಡಿನ ಲೆಕ್ಕವೂ ಇತ್ತು. 2011ರಲ್ಲಿ ಯುರೋಪಿನ ನ್ಯಾಯಾಲಯ ಕುಲಾಂತರಿ ಪರಾಗ ಇರುವ ಜೇನಿನ ಮೇಲೆ ಕಟ್ಟುನಿಟ್ಟು ಮಾಡಿತ್ತು. ಅಲ್ಲಿಯ ಜೇನು ಹೋಗುವುದು ಯುರೋಪಿಗೇ. 2015ರಲ್ಲಿ ಮೆಕ್ಸಿಕೋದ ಸುಪ್ರೀಂ ಕೋರ್ಟ್, ಊರಿನವರನ್ನು ಕೇಳದೆ ಅನುಮತಿ ಕೊಟ್ಟಿದ್ದು ತಪ್ಪು ಅಂದಿತು. 2017ರಲ್ಲಿ ಆ ಸೋಯಾ ಬೀಜದ ಕಂಪನಿ ಮೊನ್ಸಾಂಟೊದ ಅನುಮತಿ ರದ್ದಾಯಿತು. 2020ರಲ್ಲಿ ಲೇದಿ ಪೆಚ್ ಅವರಿಗೆ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು. "ಸಂಸ್ಕೃತಿ ಹೊಟ್ಟೆ ತುಂಬಿಸುತ್ತಾ" ಅಂತ ಮೇಲೆ ಯಾರೋ ಕೇಳಿದ್ದರು. ಜೇನಿನ ವಿಷಯದಲ್ಲಿ ಎರಡೂ ಒಂದೇ ಪೆಟ್ಟಿಗೆಯಲ್ಲಿತ್ತು ನೋಡಿ.

ಸುಮ್ನೆ ಕೇಳ್ದೆ

ಕೇಳಿದ್ದು ನಾನೇ. ಬಿಡಲ್ಲ ನೀವು.

ಕಾಡುದಾರಿ

ಕಾಡಿನ ಬಗ್ಗೆ ಒಂದು ಒಳ್ಳೆ ಸುದ್ದಿಯನ್ನೂ ಹೇಳಿಬಿಡ್ತೀನಿ, ಇಲ್ಲದಿದ್ದರೆ ಬರೀ ಗೋಳು ಅಂತೀರ.

ಗ್ವಾಟೆಮಾಲದ ಉತ್ತರಕ್ಕೆ ಪೆತೆನ್. 1990ರಲ್ಲಿ ಅಲ್ಲಿ 20 ಲಕ್ಷ ಹೆಕ್ಟೇರಿಗೂ ಜಾಸ್ತಿ ಕಾಡನ್ನು ಮಾಯಾ ಜೀವವಲಯ ಮೀಸಲು ಅಂತ ಮಾಡಿದರು. ಜನರನ್ನು ಹೊರಗೆ ಹಾಕಿದರೆ ಕಾಡು ಉಳಿಯುತ್ತೆ ಅನ್ನೋದು ಮೊದಲ ಯೋಚನೆ. ಜನ ಜಗಳ ಮಾಡಿದರು. ಕೊನೆಗೆ ಒಂದು ಭಾಗವನ್ನು 25 ವರ್ಷದ ಕರಾರಿಗೆ ಊರುಗಳ ಕೈಗೆ ಕೊಟ್ಟರು. ಉವಶಾಕ್ತುನ್, ಕಾರ್ಮೆಲಿತಾ ಅಂತ ಊರುಗಳು. ಲೆಕ್ಕ ಹಾಕಿ ಕೆಲವೇ ಮಹಾಗನಿ ಕಡೀತಾರೆ. ಚೂಯಿಂಗ್ ಗಮ್‌ಗೆ ಬೇಕಾದ ಚಿಕ್ಲೆ ಅಂಟು ತೆಗೀತಾರೆ. ಶಾತೆ ಅನ್ನೋ ತಾಳೆ ಜಾತಿಯ ಎಲೆ ಕುಯ್ದು ಅಮೆರಿಕದ ಹೂವಿನಂಗಡಿಗೆ ಕಳಿಸುತ್ತಾರೆ. ಬೇಸಿಗೆಯಲ್ಲಿ ಬೆಂಕಿ ಕಾಯುವವರೂ ಅವರೇ. ಫಲಿತಾಂಶ? ಊರಿನವರ ಕೈಯಲ್ಲಿರುವ ಕಾಡಿನ ನಷ್ಟ ತೀರಾ ಕಮ್ಮಿ. ಪಕ್ಕದಲ್ಲೇ ಸರ್ಕಾರ ಕಾಯುತ್ತಿದ್ದ ರಾಷ್ಟ್ರೀಯ ಉದ್ಯಾನಗಳಿಗೆ ದನದ ಸಾಹುಕಾರರು ನುಗ್ಗಿ ಬೆಂಕಿ ಇಟ್ಟರು. ಒಂದು ತಿದ್ದುಪಡಿ: ಅಲ್ಲಿಯವರೆಲ್ಲ ಮಾಯಾ ಅಲ್ಲ. ಚಿಕ್ಲೆ ತೆಗೆಯೋಕೆ ಬಂದು ನೆಲೆಸಿದ ಬೇರೆಯವರೂ ಇದ್ದಾರೆ.

ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಸಿಕ್ಕಾಗ "ಹುಲಿ ಕಾಡು ಹಾಳಾಗುತ್ತೆ" ಅಂದವರಿಗೆ ನಾನು ಪೆತೆನ್ ಕಥೆ ಹೇಳುತ್ತಿದ್ದೆ.

ತೊತೊನಿಕಪಾನ್‌ನ ಕಿಚೆ ಜನ ಇದನ್ನೂ ಮೀರಿದವರು. 48 ಕೇರಿಗಳು ಸೇರಿ ಊರೊಟ್ಟಿನ ದೊಡ್ಡ ಬೆಟ್ಟದ ಕಾಡು ಕಾಯುತ್ತಾರೆ. ಪ್ರತಿ ಮನೆಯವರೂ ಸರದಿ ಮೇಲೆ ಸಂಬಳ ಇಲ್ಲದೆ ಊರಿನ ಕೆಲಸ ಮಾಡಬೇಕು. ನೀರಿನ ಕೆಲಸ, ಕಾಡಿನ ಕೆಲಸ, ಪಂಚಾಯ್ತಿ. ಅದೇ 48 ಕೇರಿಯವರು 2023ರ ಅಕ್ಟೋಬರ್‌ನಲ್ಲಿ ರಸ್ತೆಗಿಳಿದು, ಚುನಾವಣೆಯಲ್ಲಿ ಗೆದ್ದ ದೇಶದ ಅಧ್ಯಕ್ಷ ಅರೆವಾಲೊಗೆ ಅಧಿಕಾರ ಕೊಡಿ ಅಂತ ರಾಜಧಾನಿಯಲ್ಲಿ ನೂರು ದಿನದ ಮೇಲೆ ಕೂತರು. 2024ರ ಜನವರಿಯಲ್ಲಿ ಅರೆವಾಲೊ ಪ್ರಮಾಣವಚನ ತಗೊಂಡರು.

ಡಲ್ಲಾಸ್ ಗೃಹಿಣಿ

ಸೇವಾ ಪ್ರವಾಸದ ಬಗ್ಗೆ ನಾನು ಹೇಳಬೇಕು. ನಾನೂ ಮಗನೂ ಒಂದು ಸಲ ಹೋಗಿದ್ದೆವು. ಸಂಸ್ಥೆಯ ಹೆಸರು ಬೇಡ. ಒಂದು ವಾರ ಶಾಲೆ ಗೋಡೆಗೆ ನೀಲಿ ಬಣ್ಣ ಹಚ್ಚಿದೆವು, ಫೋಟೊ ತೆಗೆಸಿಕೊಂಡೆವು. ಗೋಡೆ ಕೆರೆಯುವಾಗ ನೋಡಿದರೆ ಕೆಳಗೆ ಹಸಿರು, ಅದರ ಕೆಳಗೆ ಹಳದಿ. ಪ್ರತಿ ತಂಡವೂ ಹಚ್ಚಿ ಹೋಗಿದೆ! ಶಾಲೆಯ ಟೀಚರಮ್ಮ ಕಕ್ಚಿಕೆಲ್. ನಮ್ಮ ಜೊತೆ ನಗುನಗುತ್ತಾ ಮಾತಾಡಿದರು. ಕೊನೆ ದಿನ ಮೆಲ್ಲಗೆ "ನಮ್ಮ ಭಾಷೆಯ ಓದುವ ಪುಸ್ತಕ ಇಡೀ ಶಾಲೆಗೆ ಹನ್ನೊಂದು ಇವೆ" ಅಂದರು. ನಾವಿಬ್ಬರು ಹೋಗಿಬಂದ ವಿಮಾನದ ದುಡ್ಡಿನಲ್ಲಿ ಎಷ್ಟು ಪುಸ್ತಕ ಮುದ್ರಿಸಬಹುದಿತ್ತು ಅಂತ ಬರುವಾಗ ದಾರಿಯಿಡೀ ಲೆಕ್ಕ ಹಾಕಿದೆ. ಮಗನಿಗೆ ಕಾಲೇಜು ಅರ್ಜಿಯಲ್ಲಿ ಬರೆಯೋಕೆ ಒಂದು ಸಾಲು ಸಿಕ್ಕಿತು.

ಹೋಗಬೇಡಿ ಅನ್ನಲ್ಲ. ನಾನು ಹೋಗದಿದ್ದರೆ ಈ ಹನ್ನೊಂದು ಪುಸ್ತಕದ ವಿಷಯ ನನಗೆ ಗೊತ್ತಾಗುತ್ತಿರಲಿಲ್ಲ. ಆದರೆ ಗೋಡೆ ಬಣ್ಣಕ್ಕೆ ಹೋಗಬೇಡಿ.

ಹಾನುಬಾಳು ತೋಟ

ನಿನ್ನೆ ರಾತ್ರಿ ಹುಡುಗಿಗೆ ಇಡೀ ಚರ್ಚೆ ಓದಿ ಹೇಳಿದೆ. ಅವಳಿಗೆ ಕನ್ನಡ ಓದೋಕೆ ಬರಲ್ಲ. ಅದರ ಬಗ್ಗೆ ಕಾಗುಣಿತದವರು ನನಗೆ ಬೈಯಬಹುದು. ಆ ಸಂಸ್ಥೆಗೆ ಪತ್ರ ಬರೆದು ಕೇಳು ಅಂದೆ: ಸಮಿತಿಯಲ್ಲಿ ಕೆಕ್ಚಿ ಜನ ಎಷ್ಟಿದ್ದಾರೆ, ಹಳ್ಳಿಯ ಜಮೀನು ಯಾರ ಹೆಸರಲ್ಲಿದೆ, ಡ್ರೈಯರ್ ಯಾರದ್ದು. ಉತ್ತರ ಬಂತು. ಮೊದಲ ಪ್ರಶ್ನೆಗೆ ಒಂದು ಚಂದದ ಫೋಟೊ ಕಳಿಸಿದ್ದಾರೆ. ಉಳಿದ ಎರಡಕ್ಕೆ "ನಮ್ಮ ಗಮನ ಶಿಕ್ಷಣದ ಮೇಲೆ" ಅಂತ ಬರೆದಿದ್ದಾರೆ. ಹುಡುಗಿ ಟಿಕೆಟ್ ಮಾಡಿಸಿಲ್ಲ. ಕೊಬಾನ್ ಕಡೆಯ ಸಹಕಾರ ಸಂಘದಿಂದ ನೇರ ತರಿಸುವ ಅಂಗಡಿ ಅವಳ ಊರಲ್ಲಿ ಇದೆಯಾ ಅಂತ ಹುಡುಕುತ್ತಿದ್ದಾಳೆ. ಗ್ವಾಟೆಮಾಲದ ಏಲಕ್ಕಿ ಕೊಳ್ಳೋಕೆ ಸಕಲೇಶಪುರದ ಮಾವನೇ ಹೇಳಿದ ಅಂತ ಅಪ್ಪನಿಗೆ ಗೊತ್ತಾಗಿದ್ದರೆ ನನ್ನನ್ನು ಮನೆ ಬಿಟ್ಟು ಓಡಿಸುತ್ತಿದ್ದರು.

ಬಸ್ಸು ಹತ್ತಿದ ಮೇಡಂ, ಒಂದು ಕೇಳೋದು ಮರೆತೆ. ಅವರು ನಿಜವಾಗಲೂ ಏಲಕ್ಕಿ ತಿನ್ನಲ್ವಾ? ಒಂಚೂರೂ?

ಬಸ್ಸು ಹತ್ತಿದವಳು

ನಾನಿದ್ದ ಮನೆಯಲ್ಲಂತೂ ಇಲ್ಲ. ಅವರ ಊಟ ಅಂದರೆ ಮೆಕ್ಕೆಜೋಳ. ಅದನ್ನು ರಾತ್ರಿ ಸುಣ್ಣದ ನೀರಿನಲ್ಲಿ ಬೇಯಿಸಿ ಇಟ್ಟು, ಬೆಳಿಗ್ಗೆ ತೊಳೆದು ರುಬ್ಬಿ, ಅಂಗೈಯಲ್ಲಿ ತಟ್ಟಿ ಕಾವಲಿಗೆ ಹಾಕುತ್ತಾರೆ. ನಮ್ಮ ಅಕ್ಕಡಿ ಸಾಲಿನ ಹಾಗೆ ಜೋಳದ ಜೊತೆಗೇ ಹುರುಳಿಕಾಯಿ ಬಳ್ಳಿ, ಕುಂಬಳ ಹಬ್ಬಿಸುತ್ತಾರೆ. ಬೇಲಿ ಮೇಲೆ ನಮ್ಮ ಸೀಮೆಬದನೆಕಾಯಿ ತೂಗುತ್ತಿತ್ತು, ಅದರ ತವರೇ ಆ ಕಡೆ ಅಂತೆ. ಬಿತ್ತುವ ಮುಂಚೆ ಬೆಟ್ಟದ ದೇವರು ತ್ಸೂಲ್‌ತಕಾಗೆ ಧೂಪ ಹಾಕಿ ಅಪ್ಪಣೆ ಕೇಳುತ್ತಾರೆ. ಅಪ್ಪಣೆ ಜೋಳಕ್ಕೆ ಕೇಳುತ್ತಾರೆ, ಏಲಕ್ಕಿಗೆ ಕೇಳಿದ್ದು ನಾನು ನೋಡಲಿಲ್ಲ. ಹಬ್ಬಕ್ಕೆ ಕಕ್ ಇಕ್ ಅಂತ ಟರ್ಕಿ ಕೋಳಿ ಸಾರು ಮಾಡುತ್ತಾರೆ. ಹೆಸರಿನ ಅರ್ಥ ಕೆಂಪು ಮೆಣಸಿನಕಾಯಿ, ಕಾಗುಣಿತದವರ ಅದೇ "ಕೆಂಪು". ಅದರಲ್ಲೂ ಏಲಕ್ಕಿ ಇಲ್ಲ.

ಹೊರಡುವ ಹಿಂದಿನ ದಿನ ನಾನು ಅಡುಗೆ ಮಾಡ್ತೀನಿ ಅಂದೆ. ಅಕ್ಕಿ, ಹಾಲು, ಸಕ್ಕರೆ ತಂದು ಪಾಯಸ ಇಟ್ಟೆ. ಚೀಲದಿಂದ ನಾಲ್ಕು ಏಲಕ್ಕಿ ತಗೊಂಡು ಕಲ್ಲಿನಲ್ಲಿ ಜಜ್ಜಿದೆ. ಮನೆಯ ಅಜ್ಜಿ ಹತ್ತಿರ ಬಂದು ಮೂಸಿ "ಇದು ಡ್ರೈಯರ್ ವಾಸನೆ" ಅಂತ ಮುಖ ಕಿವುಚಿದರು. ಮಕ್ಕಳು ಎರಡೆರಡು ಸಲ ಹಾಕಿಸಿಕೊಂಡವು. ಅಜ್ಜಿ ಒಂದು ಚಮಚ ಬಾಯಿಗಿಟ್ಟು, ಸುಮ್ಮನೆ ಕೂತು, ಆಮೇಲೆ ಕೆಕ್ಚಿಯಲ್ಲಿ ಏನೋ ಕೇಳಿದರು. ಮೊಮ್ಮಗಳು ಸ್ಪ್ಯಾನಿಷ್‌ನಲ್ಲಿ ಹೇಳಿದಳು: "ಇಷ್ಟು ದೊಡ್ಡ ಪಾತ್ರೆಗೆ ನಾಲ್ಕು ಕಾಯಿ ಸಾಕಾದರೆ, ಆ ಗಾಡಿಯವನು ಅಷ್ಟೊಂದು ಮೂಟೆ ತಗೊಂಡು ಹೋಗಿ ಏನು ಮಾಡ್ತಾನೆ ಅಂತ ಕೇಳ್ತಿದ್ದಾರೆ."